ಮೂರು ವಾರದ ಅಕ್ಕಿ ಹೊತ್ತು ಹೊರಟವರು

ಶಿವಮೊಗ್ಗದ ಓದುಗರೊಬ್ಬರು ಎರಡು ಪುಟ ತುಂಬ ಬೈದು ಬರೆದಿದ್ದಾರೆ. ತಿರುಳು ಇಷ್ಟು: “ಕಳೆದ ಸಂಚಿಕೆಯಲ್ಲಿ ಎರಡನೇ ಮಹಾಯುದ್ಧ ತೀರ್ಮಾನವಾಗಿದ್ದೇ ನಾರ್ಮಂಡಿಯಲ್ಲಿ ಅಂದಿದ್ದೀರಿ. ಅದೇ ತಿಂಗಳು ರಷ್ಯನ್ನರು ಮಾಡಿದ್ದೇನು, ಕಡಲೆಕಾಯಿ ಮಾರಿದ್ದಾ? ನಮ್ಮ ನೆಲದ ಕೊಹಿಮಾಕ್ಕೆ ಒಂದೇ ಸಾಲು. ಆ ಸಾಲಲ್ಲೂ ಅದನ್ನು ಬರ್ಮಾಕ್ಕೆ ಸೇರಿಸಿದ್ದೀರಿ. ಮೂರರಲ್ಲಿ ದೊಡ್ಡದು ಯಾವುದು, ನೇರವಾಗಿ ಹೇಳಿ.”

ನೇರವಾಗಿಯೇ ಹೇಳುತ್ತೇನೆ ಸ್ವಾಮಿ. ಮೂರು ಅಂದರೆ 1944ರಲ್ಲಿ ಮಿತ್ರಪಡೆಯವರು ಫ್ರಾನ್ಸಿನ ನಾರ್ಮಂಡಿ ತೀರದಲ್ಲಿ ಇಳಿದದ್ದು, ರಷ್ಯನ್ನರು ಬೆಲಾರುಸ್‌ನಲ್ಲಿ ಜರ್ಮನ್ನರ ಮೇಲೆ ನುಗ್ಗಿದ್ದು, ಕೊಹಿಮಾದಲ್ಲಿ ಜಪಾನಿಗಳನ್ನು ತಡೆದದ್ದು. ಜರ್ಮನ್ ಸೈನ್ಯಕ್ಕೆ ಬಿದ್ದ ಏಟಿನ ಲೆಕ್ಕ ಹಿಡಿದರೆ ರಷ್ಯನ್ನರದ್ದೇ ದೊಡ್ಡದು. ‘ತೀರ್ಮಾನವಾಗಿದ್ದೇ ಅಲ್ಲಿ’ ಅನ್ನುವ ಮಾತು ನಾನು ತಲೆಬರಹಕ್ಕೆ ಒಪ್ಪಲಿ ಅಂತ ಹಾಕಿದ್ದು. ತಪ್ಪು ನನ್ನದು, ಲೇಖಕರದ್ದಲ್ಲ.

ನಿಮ್ಮ ಪತ್ರ ಓದಿದ ಮೇಲೆ ಮೂರೂ ಕಡೆಯ ದಿನಾಂಕಗಳನ್ನು ಪಕ್ಕಪಕ್ಕ ಇಟ್ಟು ನೋಡಿದೆ. 1944ರ ಜೂನ್ 22ರ ಹತ್ತಿರ ಮೂರೂ ಬಂದು ಸೇರುತ್ತವೆ. ನಾರ್ಮಂಡಿಯಲ್ಲಿ ನಾಲ್ಕು ದಿನ ಬಡಿದ ಬಿರುಗಾಳಿ ಆಗ ತಣ್ಣಗಾಯಿತು. ಮಿತ್ರಪಡೆಯವರು ಇಂಗ್ಲೆಂಡಿನಲ್ಲಿ ತಯಾರಿಸಿ ಸಮುದ್ರದ ಮೇಲೆ ಎಳೆದು ತಂದಿದ್ದ ಎರಡು ಕೃತಕ ಬಂದರುಗಳಲ್ಲಿ ಒಂದನ್ನು, ಒಮಾಹಾ ತೀರದ್ದನ್ನು, ಆ ಗಾಳಿ ಪುಡಿ ಮಾಡಿಬಿಟ್ಟಿತ್ತು. ಅದೇ ದಿನ ಬೆಲಾರುಸ್‌ನಲ್ಲಿ ರಷ್ಯನ್ನರ ‘ಬಗ್ರಾತಿಯೋನ್’ ಅನ್ನುವ ಹೆಸರಿನ ದಾಳಿ ಶುರು. ಪೂರ್ತಿ ಬಲದ ದಾಳಿ ಮರುದಿನ ನಡೆದದ್ದು, ಆದರೂ ಪುಸ್ತಕಗಳಲ್ಲಿ 22 ಅಂತಲೇ ಇರುತ್ತದೆ. ಮೂರು ವರ್ಷದ ಹಿಂದೆ ಅದೇ ತಾರೀಖು ಹಿಟ್ಲರ್ ರಷ್ಯಾದ ಮೇಲೆ ಬಿದ್ದಿದ್ದ. ಇತ್ತ ಕೊಹಿಮಾ ಮತ್ತು ಇಂಫಾಲದ ನಡುವೆ, 109ನೇ ಮೈಲಿಗಲ್ಲಿನ ಹತ್ತಿರ, ಎರಡು ಕಡೆಯಿಂದ ಬಂದ ಬ್ರಿಟಿಷ್ ಮತ್ತು ಭಾರತೀಯ ಪಡೆಗಳು ಅವತ್ತೇ ಕೂಡಿಕೊಂಡವು. ಜಪಾನಿಗಳು ಮುಚ್ಚಿದ್ದ ರಸ್ತೆ ತೆರೆಯಿತು.

ಕಾಕತಾಳೀಯ, ಒಪ್ಪಿದೆ. ಆದರೆ ಮೂರೂ ಕಡೆ ನನಗೆ ಕಂಡದ್ದು ಒಂದೇ: ಬಂದೂಕಿಗಿಂತ ಜಾಸ್ತಿ ಊಟ, ಪೆಟ್ರೋಲು, ಲಾರಿಯ ಚಿಂತೆ.

ಕೊಹಿಮಾವನ್ನೇ ನೋಡಿ. ಜಪಾನಿನ 15ನೇ ಸೇನೆಯ ದಂಡನಾಯಕ ರೆನ್ಯಾ ಮುತಾಗುಚಿ ಮಾರ್ಚ್‌ನಲ್ಲಿ ಮೂರು ಡಿವಿಷನ್‌ಗಳನ್ನು ಬರ್ಮಾದ ಚಿಂದ್ವಿನ್ ನದಿ ದಾಟಿಸಿ ಭಾರತದ ಕಡೆ ಕಳಿಸಿದ. ಸೈನಿಕರ ಬೆನ್ನ ಮೇಲೆ ಇದ್ದದ್ದು ಮೂರು ವಾರದ ಆಹಾರ. ಅದು ಮುಗಿಯುವಷ್ಟರಲ್ಲಿ ಬ್ರಿಟಿಷರ ಉಗ್ರಾಣ ಕೈಗೆ ಸಿಗುತ್ತದೆ, ಅಲ್ಲೇ ಉಂಡರಾಯಿತು ಅನ್ನುವುದು ಲೆಕ್ಕಾಚಾರ. ಜೊತೆಗೆ ದನಗಳನ್ನು ಹೊಡೆದುಕೊಂಡು ಹೋದರು: ಸಾಮಾನು ಹೊರುತ್ತವೆ, ಕೊನೆಗೆ ಅವನ್ನೇ ತಿನ್ನಬಹುದು. ಚೆಂಗಿಸ್ ಖಾನ್ ಹೀಗೇ ಮಾಡಿದ್ದನಂತೆ! ಎಷ್ಟೋ ದನ ನದಿ ದಾಟುವಾಗಲೇ ಮುಳುಗಿದವು. ಉಳಿದವು ಬೆಟ್ಟ ಹತ್ತಲಾರದೆ ಬಿದ್ದವು. ದನ ಕಾಯ್ದು ಗೊತ್ತಿದ್ದ ಯಾರನ್ನಾದರೂ ಕೇಳಿದ್ದರೆ ಮೊದಲೇ ಹೇಳುತ್ತಿದ್ದರು.

ಬ್ರಿಟಿಷರ ಉಗ್ರಾಣ ಇದ್ದದ್ದು ನಿಜ. ದಿಮಾಪುರದಲ್ಲಿ, ಹನ್ನೊಂದು ಮೈಲಿ ಉದ್ದಕ್ಕೆ ಹರಡಿತ್ತು. ಆದರೆ ಅದಕ್ಕೆ ಹೋಗುವ ದಾರಿಯಲ್ಲಿ ಕೊಹಿಮಾದ ದಿಣ್ಣೆ ಅಡ್ಡ. ಅಲ್ಲಿ ಕಾವಲಿಗಿದ್ದ ಸಣ್ಣ ಪಡೆ ಏಪ್ರಿಲ್ ತಿಂಗಳಲ್ಲಿ ಎರಡು ವಾರ ಮುತ್ತಿಗೆ ತಡೆದುಕೊಂಡಿತು. ಕುಡಿಯುವ ನೀರನ್ನೂ ಅಳೆದು ಕೊಡುತ್ತಿದ್ದರು. ಡೆಪ್ಯುಟಿ ಕಮಿಷನರ್ ಬಂಗಲೆಯ ಟೆನಿಸ್ ಅಂಗಳದ ಈ ತುದಿಯಲ್ಲಿ ಇವರು, ಆ ತುದಿಯಲ್ಲಿ ಅವರು. ಚೆಂಡಿನ ಬದಲು ಗ್ರೆನೇಡ್.

ಇಂಫಾಲವನ್ನೂ ಸುತ್ತುಗಟ್ಟಿದ್ದರು. ಒಳಗಿದ್ದ ಸುಮಾರು ಒಂದೂವರೆ ಲಕ್ಷ ಜನಕ್ಕೆ ಊಟ, ಮದ್ದುಗುಂಡು ಎಲ್ಲ ವಿಮಾನದಲ್ಲೇ ಬರಬೇಕಿತ್ತು. ಬ್ರಿಟಿಷರ 14ನೇ ಸೇನೆಯ ದಂಡನಾಯಕ ಜನರಲ್ ಸ್ಲಿಮ್ ಬರ್ಮಾ ಕರಾವಳಿಯ ಅರಕಾನಿನಲ್ಲಿದ್ದ 5ನೇ ಭಾರತೀಯ ಡಿವಿಷನ್ನನ್ನೂ ಫಿರಂಗಿ, ಹೇಸರಗತ್ತೆ ಸಮೇತ ವಿಮಾನಕ್ಕೆ ತುಂಬಿಸಿ ತರಿಸಿಕೊಂಡರು. (ಇಲ್ಲಿ ನಮ್ಮ ಬೆಂಗಳೂರಿನ ಮಾತೂ ಬರುತ್ತದೆ. ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ 1943ರಿಂದ ಅಮೆರಿಕದ ವಾಯುಪಡೆಯ ಸುಪರ್ದಿಯಲ್ಲಿತ್ತು. ಪೂರ್ವದ ಯುದ್ಧದಲ್ಲಿ ಸವೆದ ವಿಮಾನಗಳು, ಡಕೋಟಾ ಅನ್ನುವ ಸಾಗಣೆ ವಿಮಾನಗಳೂ ಸೇರಿ, ಅಲ್ಲಿಗೆ ರಿಪೇರಿಗೆ ಬರುತ್ತಿದ್ದವು.)

ಹೊರಗಿದ್ದ ಜಪಾನಿಗಳಿಗೆ ಅಕ್ಕಿ ಬರಲೇ ಇಲ್ಲ. ನಾಗಾ ಹಳ್ಳಿಗಳ ಕಣಜ ಬರಿದು ಮಾಡಿದರು, ಅದೂ ಸಾಲಲಿಲ್ಲ. ಮೇಲೆ ಮಳೆಗಾಲ. ಕೊಹಿಮಾದಲ್ಲಿದ್ದ ಡಿವಿಷನ್ನಿನ ಮುಖ್ಯಸ್ಥ ಕೊತೊಕು ಸಾತೋ ಕೇಳಿ ಕೇಳಿ ಬೇಸತ್ತು, ಮುತಾಗುಚಿಯ ಆಜ್ಞೆ ಮೀರಿ ತನ್ನವರನ್ನು ವಾಪಸ್ ಕರೆದುಕೊಂಡು ಹೊರಟ. ಜಪಾನಿ ಸೈನ್ಯದಲ್ಲಿ ಹೀಗೆ ನಡೆದದ್ದು ಸಣ್ಣ ಮಾತಲ್ಲ. ಆತನನ್ನು ವಿಚಾರಣೆಗೆ ನಿಲ್ಲಿಸಲಿಲ್ಲ, ‘ತಲೆ ಸರಿಯಿಲ್ಲ’ ಅಂತ ಷರಾ ಬರೆದು ಬಿಟ್ಟರು. ಇಡೀ ದಂಡಯಾತ್ರೆಯಲ್ಲಿ ತಲೆ ನೆಟ್ಟಗಿದ್ದವನು ಅವನೊಬ್ಬನೇ ಅಂತ ನನಗೆ ಅನ್ನಿಸುತ್ತದೆ.

ಆಜಾದ್ ಹಿಂದ್ ಫೌಜಿನ ಬಗ್ಗೆಯೂ ಕೇಳಿದ್ದೀರಿ. ಹೌದು, ಇಂಫಾಲದ ಸುತ್ತ ಎರಡು ಕಡೆಗೂ ನಮ್ಮವರಿದ್ದರು. ಏಪ್ರಿಲ್ 14ರಂದು ಮಣಿಪುರದ ಮೊಯಿರಾಂಗ್‌ನಲ್ಲಿ ಆ ಫೌಜಿನ ಕರ್ನಲ್ ಶೌಕತ್ ಮಲಿಕ್ ಬಾವುಟ ಹಾರಿಸಿದರು. ಬೋಸರ ಆ ಸೈನಿಕರಿಗೂ ಗುಂಡಿಗಿಂತ ಹೆಚ್ಚಾಗಿ ಹಸಿವು, ಮಲೇರಿಯಾ ತಗುಲಿದವು. ಅವರ ವಿಷಯ ಒಂದು ಪ್ಯಾರಾದಲ್ಲಿ ಮುಗಿಸುವಂಥದ್ದಲ್ಲ, ಬೇರೆಯೇ ಬರೆಸುತ್ತೇನೆ.

ಬೆಲಾರುಸ್‌ನಲ್ಲಿ ದಾಳಿ ಮಾಡಿದವರ ಸ್ಥಿತಿ ಕೊಹಿಮಾದ ಜಪಾನಿಗಳದ್ದಕ್ಕೆ ತದ್ವಿರುದ್ಧ. ಜರ್ಮನ್ನರು ದಾಳಿ ಉಕ್ರೇನ್ ಕಡೆಯಿಂದ ಬರುತ್ತದೆ ಅಂತ ನಂಬಿ ಟ್ಯಾಂಕ್‌ಗಳನ್ನು ಅಲ್ಲಿ ಇಟ್ಟುಕೊಂಡು ಕೂತಿದ್ದರು. ದಾಳಿಯ ಹಿಂದಿನ ದಿನಗಳಲ್ಲಿ ಗೆರಿಲ್ಲಾಗಳು ಅವರ ರೈಲು ಹಳಿಗಳನ್ನು ಸಾವಿರಾರು ಕಡೆ ಸಿಡಿಸಿದರು. ರಷ್ಯನ್ನರ ಕೈಯಲ್ಲಿ ಅಮೆರಿಕ ಕೊಟ್ಟ ಸ್ಟೂಡ್‌ಬೇಕರ್ ಲಾರಿಗಳಿದ್ದವು. ಜೌಗು ನೆಲಕ್ಕೆ ಮರದ ದಿಮ್ಮಿ ಹಾಸಿ ದಾರಿ ಮಾಡಿಕೊಂಡು ನುಗ್ಗಿದರು. ಜುಲೈ 3ಕ್ಕೆ ಮಿನ್ಸ್ಕ್ ಅವರ ವಶ. ಜುಲೈ 17ರಂದು ಸುಮಾರು 57,000 ಜರ್ಮನ್ ಕೈದಿಗಳನ್ನು ಮಾಸ್ಕೋದ ಬೀದಿಯಲ್ಲಿ ನಡೆಸಿದರು. ಅವರ ಹಿಂದೆಯೇ ನೀರಿನ ಗಾಡಿಗಳು ರಸ್ತೆ ತೊಳೆಯುತ್ತ ಬಂದವು.

ನಾರ್ಮಂಡಿಯ ಕಥೆ ಕಳೆದ ಸಲವೇ ಹೇಳಿದ್ದಾಗಿದೆ. ಬಿಟ್ಟುಹೋದದ್ದು ಒಂದು. ಆಗಸ್ಟ್‌ನಲ್ಲಿ ಮಿತ್ರಪಡೆಯ ಟ್ಯಾಂಕ್‌ಗಳು ಎಷ್ಟು ಮುಂದೆ ಓಡಿದವೆಂದರೆ ಪೆಟ್ರೋಲು ಅವುಗಳ ಹಿಂದೆ ಓಡಬೇಕಾಯಿತು. ಅದಕ್ಕೆ ಶುರುವಾದ ‘ರೆಡ್ ಬಾಲ್ ಎಕ್ಸ್‌ಪ್ರೆಸ್’ ಲಾರಿ ಸಾಲಿನ ಚಾಲಕರಲ್ಲಿ ಬಹುಪಾಲು ಕಪ್ಪು ಅಮೆರಿಕನ್ನರು. ಅವರದೇ ಸೈನ್ಯ ಅವರನ್ನು ಬಿಳಿಯರಿಂದ ಬೇರೆ ತುಕಡಿಗಳಲ್ಲಿ ಇಟ್ಟಿತ್ತು. ಇದನ್ನು ಬಿಟ್ಟದ್ದಕ್ಕೂ ನೀವು ಬೈಯಬಹುದಿತ್ತು.

ಕೊನೆಗೆ ನಿಮ್ಮ ತಿದ್ದುಪಡಿ. ಕೊಹಿಮಾ 1944ರಲ್ಲಿ ಅಸ್ಸಾಮಿನ ನಾಗಾ ಹಿಲ್ಸ್ ಜಿಲ್ಲೆಗೆ ಸೇರಿತ್ತು, ಬರ್ಮಾಕ್ಕಲ್ಲ. ಈಗ ಅದು ನಾಗಾಲ್ಯಾಂಡಿನ ರಾಜಧಾನಿ. ಆ ಟೆನಿಸ್ ಅಂಗಳದ ಗೆರೆಗಳನ್ನು ಅಲ್ಲಿನ ಯುದ್ಧ ಸ್ಮಶಾನದಲ್ಲಿ ಇವತ್ತೂ ಬಿಳಿಯಾಗಿ ಉಳಿಸಿಕೊಂಡಿದ್ದಾರೆ.

— ಸಂಪಾದಕ