ಓದುಗರ ಪ್ರಶ್ನೆಗಳಿಗೆ ಉತ್ತರ: ಸಮಾನತೆಯ ಸಲಹೆಗಾರರಿಗೆ ಯಾವ ಕಡತ ಕೊಡಬೇಕು?

ಪ್ರಶ್ನೆ: ನಾನು ಸುಮಾರು 300 ಮಂದಿ ಕೆಲಸ ಮಾಡುವ ಸಂಸ್ಥೆಯೊಂದರ ಆಡಳಿತಾಧಿಕಾರಿ. ಮಾನವ ಸಂಪನ್ಮೂಲ, ಸಮಾನತೆ ಮತ್ತು ವೈವಿಧ್ಯದ ವಿಷಯದಲ್ಲಿ ಹೊರಗಿನ ಸಲಹೆಗಾರರೊಬ್ಬರ ನೆರವು ಪಡೆಯಬೇಕೆಂದು ನಮ್ಮ ಆಡಳಿತ ಮಂಡಳಿ ತೀರ್ಮಾನಿಸಿದೆ. ಎರಡು ಪ್ರಸ್ತಾವಗಳು ಬಂದಿವೆ. ಒಬ್ಬರು ಎಲ್ಲ ಸಿಬ್ಬಂದಿಗೂ ಒಂದು ದಿನದ ಕಡ್ಡಾಯ ಕಾರ್ಯಾಗಾರ ನಡೆಸಿ ಪ್ರಮಾಣಪತ್ರ ಕೊಡುತ್ತಾರೆ. ಇನ್ನೊಬ್ಬರು ಹಿಂದಿನ 3 ವರ್ಷಗಳ ನೇಮಕಾತಿ, ಸಂಬಳ ಮತ್ತು ಬಡ್ತಿಯ ಕಡತಗಳನ್ನು ಮೊದಲು ನೋಡಬೇಕು ಎನ್ನುತ್ತಾರೆ. ಅವರಿಗೆ 6 ತಿಂಗಳು ಬೇಕಂತೆ. ನಮ್ಮಲ್ಲಿ ಬೇಕೆಂದೇ ಭೇದ ಮಾಡುವವರು ಯಾರೂ ಇಲ್ಲ. ಹೀಗಿರುವಾಗ ಹಳೆಯ ಕಡತಗಳನ್ನೆಲ್ಲ ಕೆದಕಿಸುವುದು ಅಗತ್ಯವೇ?

ಉತ್ತರ: ಅಗತ್ಯ. ಎರಡನೆಯವರನ್ನೇ ಕರೆಸಿಕೊಳ್ಳಿ ಎಂಬುದು ನನ್ನ ಸಲಹೆ.

ಬೇಕೆಂದೇ ಭೇದ ಮಾಡುವವರು ಯಾರೂ ಇಲ್ಲ ಎಂಬ ನಿಮ್ಮ ಮಾತನ್ನು ನಾನು ಪೂರ್ತಿ ನಂಬುತ್ತೇನೆ. ಆದರೆ ಸಲಹೆಗಾರರ ಕೆಲಸ ಶುರುವಾಗುವುದೇ ಆ ಮಾತಿನ ನಂತರ. ಅಮೆರಿಕದ ಸುಪ್ರೀಂ ಕೋರ್ಟ್ 1971ರಲ್ಲಿ ಡ್ಯೂಕ್ ಪವರ್ ಕಂಪನಿಯ ಪ್ರಕರಣದಲ್ಲಿ ಹೇಳಿದ್ದು ಇದನ್ನೇ. ಆ ಕಂಪನಿಯಲ್ಲಿ ಒಳ್ಳೆಯ ಹುದ್ದೆಗಳಿಗೆ ಪ್ರೌಢಶಾಲೆಯ ಪ್ರಮಾಣಪತ್ರ ಬೇಕು, ಜೊತೆಗೆ ಸಾಮಾನ್ಯ ಪರೀಕ್ಷೆಗಳಲ್ಲಿ ತೇರ್ಗಡೆಯಾಗಬೇಕು ಎಂಬ ನಿಯಮವಿತ್ತು. ನಿಯಮ ಎಲ್ಲರಿಗೂ ಒಂದೇ ಆಗಿದ್ದರೂ ಅದು ಬಿಳಿಯರಿಗಿಂತ ಕಪ್ಪು ಜನಾಂಗದವರನ್ನು ಹೆಚ್ಚಿನ ಪ್ರಮಾಣದಲ್ಲಿ ಹೊರಗಿಟ್ಟಿತು. ಆ ನಿಯಮ ಬರುವ ಮೊದಲೇ ಪ್ರಮಾಣಪತ್ರವಿಲ್ಲದೆ ಸೇರಿದ್ದ ಬಿಳಿಯರು ಅದೇ ಹುದ್ದೆಗಳಲ್ಲಿ ಚೆನ್ನಾಗಿಯೇ ಕೆಲಸ ಮಾಡಿಕೊಂಡಿದ್ದರು. ಕೆಲಸಕ್ಕೆ ಸಂಬಂಧವೇ ಇಲ್ಲದ ಅರ್ಹತೆಯೊಂದು ಒಂದು ಸಮುದಾಯವನ್ನು ಹೊರಗಿಡುತ್ತಿದ್ದರೆ, ಉದ್ದೇಶ ಕೆಟ್ಟದ್ದಲ್ಲ ಎಂಬ ಸಮಜಾಯಿಷಿ ಸಾಲದು ಎಂದು ನ್ಯಾಯಾಲಯ ತೀರ್ಪು ಕೊಟ್ಟಿತು. ಪರೋಕ್ಷ ತಾರತಮ್ಯ ಎಂದು ಇಂದು ಅನೇಕ ದೇಶಗಳ ಕಾನೂನು ಗುರುತಿಸುವುದು ಇಂಥದ್ದನ್ನೇ.

ಇದನ್ನು ಕಾರ್ಯಾಗಾರದಲ್ಲಿ ಕೂತು ಪತ್ತೆ ಹಚ್ಚಲಾಗದು, ಕಡತದಲ್ಲಿಯೇ ಹುಡುಕಬೇಕು. ನಿಮ್ಮ ಒಂದು ಹುದ್ದೆಗೆ 60 ಪುರುಷರೂ 40 ಮಹಿಳೆಯರೂ ಅರ್ಜಿ ಹಾಕಿದ್ದರು, ಸಂದರ್ಶನಕ್ಕೆ 30 ಪುರುಷರನ್ನೂ 12 ಮಹಿಳೆಯರನ್ನೂ ಕರೆದಿರಿ ಎಂದುಕೊಳ್ಳಿ. ಪುರುಷರಲ್ಲಿ ಶೇ 50 ಮಂದಿ ಮುಂದೆ ಹೋದರು, ಮಹಿಳೆಯರಲ್ಲಿ ಶೇ 30. ಮೂವತ್ತನ್ನು ಐವತ್ತರಿಂದ ಭಾಗಿಸಿದರೆ ಶೇ 60. ಅಮೆರಿಕದಲ್ಲಿ 1978ರ ಮಾರ್ಗಸೂಚಿಯೊಂದು ಈ ಅನುಪಾತ ಐದರಲ್ಲಿ ನಾಲ್ಕು ಪಾಲಿಗಿಂತ, ಅಂದರೆ ಶೇ 80ಕ್ಕಿಂತ, ಕೆಳಗಿಳಿದರೆ ವಿಚಾರಿಸಿ ನೋಡಬೇಕು ಎನ್ನುತ್ತದೆ. ಬೇರೆಡೆಯ ಸಲಹೆಗಾರರೂ ಇದನ್ನೊಂದು ಅಂದಾಜಿನ ಅಳತೆಯಾಗಿ ಬಳಸಬಹುದು. ಶೇ 60 ಬಂದ ಮಾತ್ರಕ್ಕೆ ತಪ್ಪು ನಡೆದಿದೆ ಎಂದು ಸಾಬೀತಾಗುವುದಿಲ್ಲ. ಎಲ್ಲಿ ನೋಡಬೇಕು ಎಂಬುದಷ್ಟೇ ಗೊತ್ತಾಗುತ್ತದೆ. ಅರ್ಜಿ ಹಾಕಿದವರು ಏಳೆಂಟು ಮಂದಿಯಷ್ಟೇ ಆಗಿದ್ದರೆ ಈ ಲೆಕ್ಕಕ್ಕೆ ಅರ್ಥವೂ ಇಲ್ಲ.

ಮುಂದಿನದು ಸಂದರ್ಶನದ ಅಂಕಪಟ್ಟಿ. ನೀವೇ ಒಂದು ಹಳೆಯ ಅಂಕಪಟ್ಟಿಯನ್ನು ತೆಗೆದು ನೋಡಿ. ವಿಷಯಜ್ಞಾನಕ್ಕೆ ಇಷ್ಟು, ಅನುಭವಕ್ಕೆ ಇಷ್ಟು ಎಂದು ಬರೆದ ಕೆಳಗೆ ‘ಒಟ್ಟಾರೆ ವ್ಯಕ್ತಿತ್ವ’ ಅಥವಾ ‘ನಮ್ಮ ತಂಡಕ್ಕೆ ಹೊಂದಿಕೆ’ ಎಂಬ ಸಾಲೊಂದು ಸಾಮಾನ್ಯವಾಗಿ ಇದ್ದೇ ಇರುತ್ತದೆ. ಯಾವ ಆಧಾರದ ಮೇಲೆ ಅಂಕ ಕೊಡಬೇಕು ಎಂದು ಬರೆಯದೆ ಬಿಟ್ಟಿರುವ ಸಾಲು ಅದೊಂದೇ. ಉಳಿದ ಸಾಲುಗಳಲ್ಲಿ ಸರಿಸಮ ಬಂದ ಇಬ್ಬರು ಅಭ್ಯರ್ಥಿಗಳ ಹಣೆಬರಹ ತೀರ್ಮಾನವಾಗುವುದೂ ಅಲ್ಲಿಯೇ. ಎಷ್ಟೋ ಪಟ್ಟಿಗಳಲ್ಲಿ ಆ ಅಂಕವನ್ನು ಹೊಡೆದು ತಿದ್ದಿ ಬೇರೆ ಬರೆದಿರುತ್ತಾರೆ; ಸಂದರ್ಶನ ಸಮಿತಿಯ ಅಧ್ಯಕ್ಷರ ಮನಸ್ಸು ತಿಳಿದ ಮೇಲೆ ತಿದ್ದಿದ್ದು ಎಂಬುದನ್ನು ಊಹಿಸಲು ಪತ್ತೇದಾರರು ಬೇಕಿಲ್ಲ. ಎಲ್ಲ ಅಭ್ಯರ್ಥಿಗಳಿಗೂ ಒಂದೇ ಪ್ರಶ್ನೆಗಳು, ಅದೇ ಕ್ರಮ, ಉತ್ತರಕ್ಕೆ ಮೊದಲೇ ಗೊತ್ತುಪಡಿಸಿದ ಅಂಕ, ಸದಸ್ಯರು ಪರಸ್ಪರ ಮಾತನಾಡುವ ಮೊದಲೇ ಬರೆದು ಸಹಿ ಹಾಕುವುದು, ಇಷ್ಟು ಮಾಡಿದರೆ ಆಯ್ಕೆ ಹೆಚ್ಚು ನ್ಯಾಯವಾಗಿರುತ್ತದೆ, ಕೆಲಸ ಬಲ್ಲವರು ಸಿಗುವ ಸಾಧ್ಯತೆಯೂ ಹೆಚ್ಚುತ್ತದೆ. ಸಮಾನತೆ ತಂದರೆ ಅರ್ಹತೆ ಕೆಡುತ್ತದೆ ಎಂದು ನಿಮ್ಮ ಮಂಡಳಿಯಲ್ಲಿ ಯಾರಾದರೂ ಆಕ್ಷೇಪಿಸಿದರೆ ಈ ಅಂಕಪಟ್ಟಿಯನ್ನೇ ಅವರ ಮುಂದಿಡಿ.

ಸಂಬಳದ ಕಡತದಲ್ಲಿ ಒಂದು ಸೂಕ್ಷ್ಮವಿದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1951ರ 100ನೆಯ ಒಡಂಬಡಿಕೆಯಲ್ಲಿ ಇರುವ ಮಾತು ‘ಸಮಾನ ಮೌಲ್ಯದ ಕೆಲಸಕ್ಕೆ ಸಮಾನ ವೇತನ’ ಎಂದು. ಅದೇ ಹುದ್ದೆಯ ಇಬ್ಬರ ಸಂಬಳವನ್ನು ಹೋಲಿಸಿದರೆ ಮುಗಿಯಲಿಲ್ಲ; ಮಹಿಳೆಯರೇ ಹೆಚ್ಚಿರುವ ಒಂದು ಹುದ್ದೆಯನ್ನೂ ಪುರುಷರೇ ಹೆಚ್ಚಿರುವ ಇನ್ನೊಂದನ್ನೂ ಕೌಶಲ, ಶ್ರಮ, ಹೊಣೆ ಮತ್ತು ಕೆಲಸದ ಪರಿಸರದ ತಕ್ಕಡಿಯಲ್ಲಿಟ್ಟು ತೂಗಬೇಕಾಗುತ್ತದೆ. ಆ 6 ತಿಂಗಳಲ್ಲಿ ಹೆಚ್ಚು ಕಾಲ ಹಿಡಿಯುವುದು ಪ್ರಾಯಶಃ ಇದೇ.

ಕಾರ್ಯಾಗಾರ ಬೇಡವೇ ಬೇಡ ಎಂದು ನಾನು ಹೇಳುತ್ತಿಲ್ಲ. ಆದರೆ ಅಮೆರಿಕದ 708 ಖಾಸಗಿ ಕಾರ್ಯಸ್ಥಳಗಳ ದಾಖಲೆಗಳನ್ನು ಪರಿಶೀಲಿಸಿ 2006ರಲ್ಲಿ ಪ್ರಕಟವಾದ ಅಧ್ಯಯನವೊಂದು, ವ್ಯವಸ್ಥಾಪಕ ಹುದ್ದೆಗಳಲ್ಲಿ ವೈವಿಧ್ಯ ಹೆಚ್ಚಿಸುವಲ್ಲಿ ತರಬೇತಿಯ ಪಾಲು ತೀರಾ ಕಡಿಮೆ ಎಂದೂ, ನಿರ್ದಿಷ್ಟ ವ್ಯಕ್ತಿಗೋ ಸಮಿತಿಗೋ ಹೊಣೆ ವಹಿಸಿದ ಕಡೆ ಬದಲಾವಣೆ ಹೆಚ್ಚು ಕಂಡಿತೆಂದೂ ತೋರಿಸಿದೆ. ಆದ್ದರಿಂದ ಒಪ್ಪಂದಕ್ಕೆ ಸಹಿ ಹಾಕುವ ಮೊದಲೇ, ಸಲಹೆಗಾರರು ಹೊರಟುಹೋದ ಮೇಲೆ ಈ ಲೆಕ್ಕವನ್ನು ಪ್ರತಿ ವರ್ಷ ಮಂಡಳಿಯ ಮುಂದಿಡುವವರು ಯಾರು ಎಂಬುದನ್ನು ಹೆಸರು ಸಹಿತ ಬರೆದುಕೊಳ್ಳಿ. ಆ ಹೆಸರು ಮಾನವ ಸಂಪನ್ಮೂಲ ವಿಭಾಗದ ಕಿರಿಯ ಸಹಾಯಕರದ್ದಾಗಿರಬಾರದು.

ಪ್ರಶ್ನೆ: ನಮ್ಮ ಕಚೇರಿಗೆ ಇಂಥ ಸಲಹೆಗಾರರೊಬ್ಬರು ಬಂದಿದ್ದಾರೆ. ಮುಂದಿನ ವಾರ ನನ್ನನ್ನು ಮಾತುಕತೆಗೆ ಕರೆದಿದ್ದಾರೆ. ಹೇಳಿದ್ದೆಲ್ಲ ಗೋಪ್ಯವಾಗಿರುತ್ತದೆ ಎಂದು ಸುತ್ತೋಲೆಯಲ್ಲಿದೆ. ನಮ್ಮ ವಿಭಾಗದಲ್ಲಿ ಇರುವುದೇ 4 ಜನ, ಅವರಲ್ಲಿ ಅಂಗವಿಕಲಳು ನಾನೊಬ್ಬಳೇ. ಮೇಲಧಿಕಾರಿಯ ಬಗ್ಗೆ ಬಾಯಿ ಬಿಡಬಹುದೇ?

ಉತ್ತರ: ನಿಮ್ಮ ಅಳುಕು ಸಕಾರಣವಾದದ್ದು. ಸಲಹೆಗಾರರಿಗೆ ಹಣ ಕೊಡುವುದು ಸಂಸ್ಥೆ, ವರದಿ ಸಲ್ಲುವುದೂ ಸಂಸ್ಥೆಗೆ. ಅವರು ನಿಮ್ಮ ವಕೀಲರಲ್ಲ. ಹೆಸರು ಬರೆಯದಿದ್ದರೂ ‘ಈ ವಿಭಾಗದ ಅಂಗವಿಕಲ ಉದ್ಯೋಗಿಯೊಬ್ಬರ ಪ್ರಕಾರ’ ಎಂದು ಒಂದು ವಾಕ್ಯ ಬರೆದರೆ ಅದು ಯಾರೆಂದು ಕಚೇರಿಯಲ್ಲಿ ಎಲ್ಲರಿಗೂ ತಿಳಿಯುತ್ತದೆ. ಎಚ್ಚರವುಳ್ಳ ಸಲಹೆಗಾರರು ಇದನ್ನು ತಪ್ಪಿಸಲೆಂದೇ 5 ಅಥವಾ 10ಕ್ಕಿಂತ ಕಡಿಮೆ ಜನರಿರುವ ಗುಂಪಿನ ಉತ್ತರಗಳನ್ನು ಪ್ರತ್ಯೇಕವಾಗಿ ವರದಿ ಮಾಡುವುದಿಲ್ಲ, ದೊಡ್ಡ ಗುಂಪಿನೊಳಗೆ ಸೇರಿಸಿಬಿಡುತ್ತಾರೆ.

ಮಾತು ಆರಂಭವಾಗುವ ಮೊದಲೇ ಸಲಹೆಗಾರರನ್ನು ಕೇಳಿ: ನೀವು ಬರೆದುಕೊಂಡ ಟಿಪ್ಪಣಿಯನ್ನು ಯಾರು ಓದುತ್ತಾರೆ, ಅದು ಎಷ್ಟು ದಿನ ಇರುತ್ತದೆ, ಎಷ್ಟು ಜನರಿಗಿಂತ ಕಡಿಮೆಯಿದ್ದರೆ ಗುಂಪನ್ನು ಬೇರೆಯಾಗಿ ತೋರಿಸುವುದಿಲ್ಲ? ಉತ್ತರಕ್ಕೆ ತಡವರಿಸಿದರೆ ನೀವೂ ಮಾತು ಹಿಡಿದು ಆಡಿ; ರ್‍ಯಾಂಪ್, ತಂತ್ರಾಂಶ, ಕೆಲಸದ ವೇಳೆ, ಸಭೆಯ ಕೊಠಡಿ ಇಂಥ ವ್ಯವಸ್ಥೆಯ ಸಂಗತಿಗಳಿಗೆ ಸೀಮಿತಗೊಳಿಸಿದರೂ ಅವರಿಗೆ ಬೇಕಾದಷ್ಟು ಸಾಮಗ್ರಿ ಸಿಗುತ್ತದೆ. ಮೇಲಧಿಕಾರಿಯ ವರ್ತನೆ ಕಿರುಕುಳದ ಮಟ್ಟಕ್ಕೆ ಹೋಗಿದ್ದರೆ ಅದನ್ನು ಈ ಮಾತುಕತೆಯಲ್ಲಿ ಹೇಳಿ ಸುಮ್ಮನಾಗಬೇಡಿ. ಸಲಹೆಗಾರರ ಕಿವಿಗೆ ಹಾಕಿದ್ದು ದೂರು ಎನಿಸಿಕೊಳ್ಳುವುದಿಲ್ಲ; ದೂರಿಗೆ ಸಂಸ್ಥೆಯಲ್ಲಿ ಬೇರೆ ದಾರಿಯಿರಬೇಕು, ಅದನ್ನು ದಿನಾಂಕ ಸಹಿತ ಬರವಣಿಗೆಯಲ್ಲಿಯೇ ಕೊಡಬೇಕು.

ಪ್ರಶ್ನೆ: ಎಚ್‌ಆರ್ ವಿಭಾಗದಲ್ಲಿ 12 ವರ್ಷ ಕೆಲಸ ಮಾಡಿದ್ದೇನೆ. ಸ್ವತಂತ್ರ ಸಲಹೆಗಾರನಾಗಬೇಕೆಂದಿದೆ. ಏನನ್ನು ಕಲಿಯಬೇಕು?

ಉತ್ತರ: ನೀವು ಕೆಲಸ ಮಾಡುವ ಕಡೆಯ ಕಾರ್ಮಿಕ ಕಾನೂನು, ಸ್ವಲ್ಪ ಸಂಖ್ಯಾಶಾಸ್ತ್ರ, ಸಂದರ್ಶನ ನಡೆಸುವ ಕಲೆ. ವೈವಿಧ್ಯ ಮತ್ತು ಒಳಗೊಳ್ಳುವಿಕೆಯ ಕುರಿತು ಅಂತರರಾಷ್ಟ್ರೀಯ ಮಾನದಂಡ ಸಂಸ್ಥೆ (ಐಎಸ್‌ಒ) 2021ರಲ್ಲಿ ಪ್ರಕಟಿಸಿದ ಐಎಸ್‌ಒ 30415 ಮಾನದಂಡವನ್ನೂ, ಕೆಲಸದ ಸ್ಥಳದಲ್ಲಿ ಹಿಂಸೆ ಮತ್ತು ಕಿರುಕುಳದ ಬಗೆಗಿನ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2019ರ 190ನೆಯ ಒಡಂಬಡಿಕೆಯನ್ನೂ ಓದಿಕೊಳ್ಳಿ. ಇವೆಲ್ಲ ಕಲಿಯಬಹುದಾದವು. ಕಷ್ಟವಾಗುವುದು ಬೇರೆಯದು. ಇಷ್ಟು ವರ್ಷ ಸಂಸ್ಥೆಯ ಪರವಾಗಿ ಉತ್ತರ ಬರೆದು ರೂಢಿಯಾದ ಕೈಗೆ, ಹಣ ಕೊಡುವ ಸಂಸ್ಥೆಗೆ ಹಿಡಿಸದ ಅಂಕಿಯನ್ನು ವರದಿಯ ಮೊದಲ ಪುಟದಲ್ಲಿ ಬರೆಯುವುದು ಸುಲಭವಲ್ಲ. ‘ಅಂತಿಮ ವರದಿಗೆ ಮೊದಲು ಕರಡನ್ನು ನಮಗೆ ತೋರಿಸಿ’ ಎಂದು ಅವರು ಕೇಳಿಯೇ ಕೇಳುತ್ತಾರೆ. ತೋರಿಸಿ, ತಪ್ಪಿದ್ದರೆ ತಿದ್ದಿ. ಆದರೆ ಅಂಕಿಯನ್ನು ಅನುಬಂಧಕ್ಕೆ ಸಾಗಿಸಲು ಒಪ್ಪಬೇಡಿ, ಈ ಮಾತನ್ನು ಮೊದಲ ಒಪ್ಪಂದದಲ್ಲಿಯೇ ಸೇರಿಸಿಕೊಳ್ಳಿ.