ಲಂಡನ್ನಿನ ಹೌನ್ಸ್ಲೋ ಜನರ ದಿನಚರಿ ಹೀಥ್ರೋ ವಿಮಾನ ನಿಲ್ದಾಣದ ಮೇಲೆ ಇಷ್ಟೊಂದು ನಿಂತಿರುವುದು ಯಾಕೆ?

ಮುಖ್ಯ ಕಾರಣ ಗಾಳಿಯ ದಿಕ್ಕು. ಹೌನ್ಸ್ಲೋ ಇರುವುದು ಹೀಥ್ರೋದ ಪೂರ್ವಕ್ಕೆ, ರನ್‌ವೇಗಳ ನೇರದಲ್ಲಿ. ವಿಮಾನ ಸಾಮಾನ್ಯವಾಗಿ ಗಾಳಿಗೆ ಎದುರಾಗಿ ಇಳಿಯುತ್ತದೆ. ಆಗ ನೆಲ ಮುಟ್ಟುವಾಗಿನ ವೇಗ ಕಡಿಮೆ ಇರುತ್ತದೆ, ಬೇಗ ನಿಲ್ಲಿಸಬಹುದು. ಅಲ್ಲಿ ವರ್ಷದ ಬಹುಪಾಲು ಬೀಸುವುದು ಪಶ್ಚಿಮದ ಗಾಳಿ. ಹಾಗಾಗಿ ಇಳಿಯುವ ವಿಮಾನಗಳು ಪೂರ್ವದಿಂದ, ಹೌನ್ಸ್ಲೋ ಮನೆಗಳ ಮೇಲೆಯೇ, ಚಕ್ರ ಕೆಳಗೆ ಬಿಟ್ಟುಕೊಂಡು ಬರುತ್ತವೆ.

ಹೀಥ್ರೋದಲ್ಲಿ ಅಕ್ಕಪಕ್ಕ ಎರಡು ರನ್‌ವೇಗಳಿವೆ. ಪಶ್ಚಿಮದ ಗಾಳಿ ಇರುವ ದಿನ ಮಧ್ಯಾಹ್ನ 3 ಗಂಟೆಗೆ ಇಳಿಯುವ ರನ್‌ವೇ ಬದಲಾಗುತ್ತದೆ. ಬೆಳಗ್ಗೆಯಿಂದ ಸದ್ದು ಕೇಳಿದ ಬೀದಿಗೆ ಆಮೇಲೆ ಬಿಡುವು, ಇನ್ನೊಂದು ಬೀದಿಗೆ ಗದ್ದಲ. ಮುಂದಿನ ವಾರ ಅದಲುಬದಲು. ಯಾವಾಗ ಕಿಟಕಿ ತೆರೆಯಬೇಕು, ಯಾವಾಗ ಹಿತ್ತಲಲ್ಲಿ ಕೂರಬೇಕು ಅನ್ನುವುದಕ್ಕೂ ಈ ಲೆಕ್ಕ ಬೇಕು. ಅಲ್ಲಿನ ಒಂದು ಚಿಕ್ಕ ಮಕ್ಕಳ ಶಾಲೆಯ ಅಂಗಳದಲ್ಲಿ ಮಣ್ಣು ತುಂಬಿದ ಚೀಲಗಳಿಂದ ಗುಮ್ಮಟಗಳನ್ನು ಕಟ್ಟಿದ್ದಾರೆ. ಹೊರಗೆ ಆಡುವಾಗಲೂ ಟೀಚರ್ ಮಾತು ಮಕ್ಕಳಿಗೆ ಕೇಳಲಿ ಅಂತ. ಪುಟ್ಟ ಮಕ್ಕಳಿಗೆ ಇದು ಜಾಸ್ತಿಯೇ ಆಯ್ತು, ಅಲ್ವಾ?

ಆದರೂ ಜನ ಅಲ್ಲೇ ಇದ್ದಾರೆ, ಯಾಕಂದರೆ ಕೆಲಸವೂ ಅಲ್ಲೇ ಇದೆ. ಲಗೇಜು ಸಾಗಿಸುವುದು, ವಿಮಾನದ ಊಟ ತಯಾರಿ, ಸೆಕ್ಯೂರಿಟಿ, ಟ್ಯಾಕ್ಸಿ, ಗೋದಾಮು. ಪಂಜಾಬಿನಿಂದ ಹೋಗಿ ನೆಲೆಸಿದ ಎಷ್ಟೋ ಕುಟುಂಬಗಳು ಇದರಿಂದಲೇ ಬದುಕು ಕಟ್ಟಿಕೊಂಡಿವೆ.

ಈ ನಂಟು ಹೀಥ್ರೋಗಿಂತಲೂ ಹಳೆಯದು. ಹೀಥ್ರೋ ಸಾರ್ವಜನಿಕ ವಿಮಾನಗಳಿಗೆ ತೆರೆದದ್ದು 1946ರಲ್ಲಿ. ಲಂಡನ್–ಪ್ಯಾರಿಸ್ ದೈನಂದಿನ ವಿಮಾನ ಸೇವೆ 1919ರಲ್ಲೇ ಹೌನ್ಸ್ಲೋ ಹೀತ್ ಬಯಲಿನಿಂದ ಶುರುವಾಗಿತ್ತು.