‘ಸ್ವಲ್ಪ ಅನ್ಯಾಯ’ ಎಂದು ಬರೆದದ್ದು ತಪ್ಪೇ?

ಪ್ರಶ್ನೆ: ಬೆಂಗಳೂರಿನ ಖಾಸಗಿ ಕಂಪನಿಯೊಂದರಲ್ಲಿ ಒಂಬತ್ತು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಹೆರಿಗೆ ರಜೆ ಮುಗಿಸಿ ಮರಳಿದ ಮೇಲೆ ನನ್ನ ವಾರ್ಷಿಕ ರೇಟಿಂಗ್ ಒಂದು ಹಂತ ಕೆಳಗಿಳಿದಿದೆ. ‘ಅರ್ಧ ವರ್ಷ ನೀವು ಇರಲಿಲ್ಲವಲ್ಲ’ ಎಂದರು ಮ್ಯಾನೇಜರ್. ಇದು ‘ಮೇ ಬಿ ಎ ಬಿಟ್ ಅನ್‌ಫೇರ್’ ಅನಿಸುತ್ತಿದೆ ಎಂದು ಇಂಗ್ಲಿಷಿನಲ್ಲಿ ಮೇಲ್ ಬರೆದೆ. ‘ನಿಮಗೆ ಹಾಗೆ ಅನಿಸಿದ್ದಕ್ಕೆ ವಿಷಾದವಿದೆ’ ಎಂಬ ಉತ್ತರ ಬಂತು. ಅಮ್ಮನಿಗೆ ಫೋನಿನಲ್ಲಿ ಹೇಳುವಾಗ ಮಾತ್ರ ‘ನನಗೆ ಅನ್ಯಾಯವಾಗಿದೆ’ ಎಂದು ಅತ್ತುಬಿಟ್ಟೆ. ನಾನು ಹೇಡಿಯೇ? ಅಥವಾ ಇದು ನಿಜಕ್ಕೂ ಎರಡು ಮಾತಿಗೆ ಎಡೆಯಿರುವ ವಿಷಯವೇ?

ಉತ್ತರ: ನೀವು ಹೇಡಿಯಲ್ಲ. ಪುಟ್ಟ ಮಗುವನ್ನು ಮನೆಯಲ್ಲಿ ಬಿಟ್ಟು ಬಂದು, ಸಂಬಳ ಕೊಡುವವರಿಗೆ ದೂರು ಬರೆಯಲು ಕೂತವರ ಕೈ ನಡುಗುವುದು ಸಹಜ. ಆದರೆ ಆ ಮೇಲ್‌ನಲ್ಲಿ ಏನಾಯಿತು ನೋಡಿ. ನೀವು ಅನಿಸಿಕೆಯನ್ನು ಬರೆದಿರಿ, ಅವರು ಅನಿಸಿಕೆಗೇ ಉತ್ತರ ಕೊಟ್ಟರು. ರೇಟಿಂಗಿನ ಮಾತು ಯಾರ ಬಾಯಲ್ಲೂ ಬರಲೇ ಇಲ್ಲ.

ಅಮ್ಮನ ಬಳಿ ನೀವು ಆಡಿದ ಮಾತನ್ನೇ ಇನ್ನೊಮ್ಮೆ ಕೇಳಿಸಿಕೊಳ್ಳಿ. ‘ಅನ್ಯಾಯವಾಗಿದೆ’ ಎಂದಿರಿ, ‘ಅನ್ಯಾಯ ಮಾಡಿದರು’ ಎನ್ನಲಿಲ್ಲ. ಮೊದಲನೆಯದರಲ್ಲಿ ಮಾಡಿದವರು ಯಾರೂ ಇಲ್ಲ, ಪೆಟ್ಟು ಬಿದ್ದದ್ದು ಮಾತ್ರ ಇದೆ. ಯಾರ ಮೇಲೂ ಆರೋಪ ಹೊರಿಸದೆ ನೋವನ್ನು ಪೂರ್ತಿಯಾಗಿ ಹೇಳುವ ಈ ದಾರಿ ನಮ್ಮ ಭಾಷೆಯಲ್ಲಿ ಮೊದಲಿನಿಂದಲೂ ಇದೆ. ಅದರ ಸೌಜನ್ಯ ನನಗೆ ಬಹಳ ಇಷ್ಟ. ಇಂಗ್ಲಿಷಿಗೆ ಹೋದಾಗ ನೀವು ಆ ಸೌಜನ್ಯವನ್ನು ‘ಮೇ ಬಿ’, ‘ಎ ಬಿಟ್’ಗಳಲ್ಲಿ ಹುಡುಕಿದಿರಿ. ಅವು ಮ್ಯಾನೇಜರರನ್ನು ಆರೋಪದಿಂದ ಕಾಪಾಡುವ ಬದಲು ಪೆಟ್ಟನ್ನೇ ಚಿಕ್ಕದು ಮಾಡಿಬಿಟ್ಟವು.

ನಿಮ್ಮ ಎರಡನೆಯ ಪ್ರಶ್ನೆಯೂ ನ್ಯಾಯವಾದದ್ದೇ. ಹೌದು, ಇದರಲ್ಲಿ ವಾದಕ್ಕೆ ಎಡೆಯಿದೆ, ಆದರೆ ಎಲ್ಲ ಕಡೆಯೂ ಇಲ್ಲ. ರಜೆ ನಿಮ್ಮ ಹಕ್ಕು ಎಂಬುದರಲ್ಲಿ ವಾದವಿಲ್ಲ. ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಂದ ತಿದ್ದುಪಡಿ ಅದನ್ನು 12 ವಾರದಿಂದ 26 ವಾರಕ್ಕೆ ಏರಿಸಿತು. ಹೆರಿಗೆ ರಜೆಯಲ್ಲಿರುವವಳ ಸೇವಾ ಷರತ್ತುಗಳನ್ನು ಅವಳಿಗೆ ನಷ್ಟವಾಗುವಂತೆ ಬದಲಿಸಬಾರದು ಎಂದು 1961ರ ಮೂಲ ಕಾಯ್ದೆಯೇ ಹೇಳಿತ್ತು. ರೇಟಿಂಗ್ ಇಳಿಸುವುದು ಆ ಮಾತಿನ ವ್ಯಾಪ್ತಿಗೆ ಬರುತ್ತದೆಯೇ, ಮ್ಯಾನೇಜರ್ ಬೇಕೆಂದೇ ಹೀಗೆ ಮಾಡಿದರೇ ಎಂಬಲ್ಲಿ ವಾದವಿದೆ. ‘ಇರಬಹುದು’ ಎಂಬ ಮಾತು ಸಲ್ಲುವುದು ಅಲ್ಲಿ. ನಿಮಗೆ ಖಚಿತವಾಗಿ ಗೊತ್ತಿರುವ ಸಂಗತಿಗೂ ಅದನ್ನೇ ಅಂಟಿಸಿದರೆ ಅದು ಭಯ.

ಮತ್ತೊಂದು ಮೇಲ್ ಬರೆಯಿರಿ. ಇಂಗ್ಲಿಷಿನಲ್ಲೇ ಇರಲಿ, ಆದರೆ ಮೊದಲು ಕನ್ನಡದಲ್ಲಿ ಒಂದು ಹಾಳೆಯ ಮೇಲೆ ಬರೆದುಕೊಳ್ಳಿ: ‘ಇಷ್ಟು ವಾರ ರಜೆಯಲ್ಲಿದ್ದೆ. ಉಳಿದ ಅವಧಿಯಲ್ಲಿ ಈ ಕೆಲಸಗಳನ್ನು ಮುಗಿಸಿದ್ದೇನೆ. ರೇಟಿಂಗ್ ಇಳಿದಿದೆ. ರಜೆಯೇ ಕಾರಣ ಎಂದು ನೀವು ಹೇಳಿದಿರಿ.’ ಈ ಸಾಲುಗಳಲ್ಲಿ ‘ಬಹುಶಃ’ ಬೇಡ. ನಂತರ, ‘ನಿಮ್ಮ ಉದ್ದೇಶ ಅದಲ್ಲದಿರಬಹುದು, ಆದರೆ ರಜೆ ಪಡೆದದ್ದಕ್ಕೇ ನನಗೆ ನಷ್ಟವಾಗಿದೆ’ ಎಂದು ಸೇರಿಸಿ. ಕೊನೆಗೆ, ಕೆಲಸ ಮಾಡಿದ ಅವಧಿಯನ್ನಷ್ಟೇ ಲೆಕ್ಕಕ್ಕೆ ಹಿಡಿದು ಮತ್ತೆ ಪರಿಶೀಲಿಸಿ ಎಂದು ಕೇಳಿ. ಎಚ್‌ಆರ್ ವಿಭಾಗಕ್ಕೂ ಪ್ರತಿ ಹೋಗಲಿ.

ಒಂದು ಎಚ್ಚರಿಕೆ: ಆ ಅವಧಿಯಲ್ಲಿ ನಿಮ್ಮ ಕೆಲಸ ಹಿಂದೆ ಬಿದ್ದಿತ್ತೇ ಎಂಬುದನ್ನು ನಿಮ್ಮ ಪತ್ರ ಹೇಳುವುದಿಲ್ಲ. ಬಿದ್ದಿದ್ದರೆ ಅದನ್ನೂ ನೀವೇ ಬರೆಯಿರಿ, ಅವರು ಎತ್ತಿ ತೋರಿಸುವವರೆಗೆ ಕಾಯಬೇಡಿ.

ಕಳುಹಿಸುವ ಮೊದಲು ಆ ಕನ್ನಡ ಹಾಳೆಯನ್ನು ಅಮ್ಮನಿಗೆ ಓದಿ ಹೇಳಿ. ಮೊನ್ನೆ ನೀವು ಫೋನಿನಲ್ಲಿ ಹೇಳಿದ್ದೆಲ್ಲ ಅದರಲ್ಲಿದೆಯೇ ಎಂದು ಅವರನ್ನೇ ಕೇಳಿ.